ನೀರಿನ ಮೇಲೆ ನಿಂತ ಕಲ್ಲು: ವಿಂಚೆಸ್ಟರ್, ಸಾಲ್ಸ್‌ಬರಿ, ವೆಲ್ಸ್

ಇಂಗ್ಲೆಂಡಿನ ಹಳೆಯ ಕೆಥೆಡ್ರಲ್ ಒಳಗೆ ಕಾಲಿಟ್ಟವರೆಲ್ಲ ಮೊದಲು ಕತ್ತೆತ್ತಿ ಛಾವಣಿ ನೋಡುತ್ತಾರೆ. ವಿಂಚೆಸ್ಟರ್‌ನಲ್ಲಿ ಮೊದಲು ನೋಡಬೇಕಾದ್ದು ನೆಲ. ಅದರ ಪೂರ್ವ ತುದಿಯಲ್ಲಿ ಬಲಿಪೀಠದ ಹಿಂದಿನ ಭಾಗಕ್ಕೆ ಹೋಗಿ ನಿಂತರೆ ಹಾಸುಗಲ್ಲು ಇಳಿಜಾರಾಗಿರುವುದು ಪಾದಕ್ಕೇ ಗೊತ್ತಾಗುತ್ತದೆ. ಆಮೇಲೆ ಕಮಾನುಗಳತ್ತ ನೋಡಿದರೆ ಅವೂ ಒಂದು ಕಡೆಗೆ ವಾಲಿವೆ.

ದಕ್ಷಿಣ ಇಂಗ್ಲೆಂಡಿನ ಈ ಮೂರು ಕೆಥೆಡ್ರಲ್‌ಗಳನ್ನು ಒಟ್ಟಿಗೆ ನೋಡಬೇಕು ಎನ್ನುವುದಕ್ಕೆ ಕಾರಣವೇ ಇದು. ಮೂರೂ ಒದ್ದೆ ನೆಲದ ಮೇಲೆ ನಿಂತಿವೆ, ಮೂರಕ್ಕೂ ಭಾರ ಹೆಚ್ಚಾಗಿ ತೊಂದರೆಯಾಯಿತು, ಮೂರು ಕಡೆ ಮೂರು ಬಗೆಯ ಪರಿಹಾರ ಹುಡುಕಿದರು. ಮೂರು ದಿನ ಸಾಕು. ಎರಡು ದಿನದಲ್ಲೂ ಮುಗಿಸಬಹುದು, ಆದರೆ ವೆಲ್ಸ್‌ಗೆ ಅನ್ಯಾಯವಾಗುತ್ತದೆ.

ಲಂಡನ್ನಿನ ವಾಟರ್‌ಲೂ ನಿಲ್ದಾಣದಿಂದ ವಿಂಚೆಸ್ಟರ್‌ಗೆ ರೈಲಿನಲ್ಲಿ ಸುಮಾರು ಒಂದು ಗಂಟೆ. ನಿಲ್ದಾಣದಿಂದ ಕೆಥೆಡ್ರಲ್‌ಗೆ ನಡೆದೇ ಹೋಗಬಹುದು, ಕಾಲು ಗಂಟೆಯ ದಾರಿ. ಕಟ್ಟಡ ಶುರುವಾದದ್ದು 1079ರಲ್ಲಿ, ಬಿಷಪ್ ವಾಕೆಲಿನ್ ಕಾಲದಲ್ಲಿ. ಉದ್ದ ಸುಮಾರು 170 ಮೀಟರ್. 1107ರಲ್ಲಿ ನಡುಗೋಪುರ ಕುಸಿಯಿತು. ಮತ್ತೆ ಕಟ್ಟುವಾಗ ಅದರ ಕೆಳಗಿನ ಕಂಬಗಳನ್ನು ಎಷ್ಟು ದಪ್ಪ ಮಾಡಿದ್ದಾರೆಂದರೆ, ಒಮ್ಮೆ ಬೆದರಿದವರ ಕೆಲಸ ಎಂದು ನೋಡಿದ ಕೂಡಲೇ ತಿಳಿಯುತ್ತದೆ.

ಅಲ್ಲೇ ಅಡ್ಡತೋಳಿನ, ಅಂದರೆ ಶಿಲುಬೆಯಾಕಾರದ ಕಟ್ಟಡದ ಅಡ್ಡಭಾಗದ, ಗೋಡೆಗೆ ಹತ್ತಿರ ಹೋಗಿ ಕಲ್ಲುಗಳ ಸಂದುಗಳನ್ನು ನೋಡಿ. ಕೆಲವೆಡೆ ಎರಡು ಕಲ್ಲಿನ ನಡುವೆ ಬೆರಳಗಲ ಗಾರೆ ಇದೆ. ಅದು ಮೊದಲ ಕಟ್ಟಡ. ಗೋಪುರದ ಹತ್ತಿರ ಬಂದಂತೆ ಸಂದು ತೆಳ್ಳಗಾಗಿ ಗಾರೆ ಗೆರೆಯಷ್ಟೇ ಉಳಿಯುತ್ತದೆ. ಅದು ಕುಸಿತದ ನಂತರದ್ದು. ಅಷ್ಟರಲ್ಲಿ ಕಲ್ಲುಕುಟಿಗರ ಕೈ ಪಳಗಿತ್ತು. ಗೈಡ್ ಇಲ್ಲದೆಯೂ ಹಳತು ಹೊಸತನ್ನು ಬೇರ್ಪಡಿಸಲು ಇದೊಂದು ಗುರುತು ಸಾಕು. ಮುಖ್ಯ ಹಜಾರದ್ದು ಇನ್ನೊಂದು ಬಗೆ. 14ನೇ ಶತಮಾನದ ಕೊನೆಗೆ ವಿಲಿಯಂ ವಿನ್‌ಫರ್ಡ್ ಎಂಬ ಶಿಲ್ಪಿ ಹಳೆಯ ದಪ್ಪ ಕಂಬಗಳನ್ನು ಕೆಡವಲಿಲ್ಲ, ನಿಂತಲ್ಲೇ ಕೆತ್ತಿಸಿ ಸಣ್ಣ ಮಾಡಿಸಿದ. ಇಂದು ಸಪೂರವಾಗಿ ಕಾಣುವ ಆ ಕಂಬಗಳ ಹೊಟ್ಟೆಯಲ್ಲಿ 11ನೇ ಶತಮಾನದ ಕಲ್ಲೇ ಇದೆ.

ಇನ್ನು ವಾಲಿದ ತುದಿಯ ಕಥೆ. 13ನೇ ಶತಮಾನದಲ್ಲಿ ಪೂರ್ವಕ್ಕೆ ವಿಸ್ತರಿಸುವಾಗ ಅಡಿಯಲ್ಲಿ ಸಿಕ್ಕಿದ್ದು ಪೀಟ್, ಅಂದರೆ ಸಸ್ಯಗಳು ಕೊಳೆತು ಸ್ಪಂಜಿನಂತಾದ ಮಣ್ಣು. ಅದರ ಮೇಲೆ ಬೀಚ್ ಮರದ ದಿಮ್ಮಿಗಳನ್ನು ತೆಪ್ಪದಂತೆ ಹಾಸಿ ಗೋಡೆ ಎಬ್ಬಿಸಿದರು. ಪೀಟ್ ನಿಧಾನವಾಗಿ ಅಮುಕಿಕೊಂಡಿತು, ಗೋಡೆ ಹೊರಕ್ಕೆ ವಾಲಿತು. 1905ರ ಹೊತ್ತಿಗೆ ಬಿರುಕುಗಳು ಅಪಾಯದ ಮಟ್ಟ ಮುಟ್ಟಿದ್ದವು. ಗೋಡೆಯಡಿ ಗುಂಡಿ ತೋಡಿದರೆ ನೀರು ಉಕ್ಕುತ್ತಿತ್ತು. ಪಂಪ್ ಹಾಕಿ ನೀರು ಎತ್ತಿದರೆ ಅದರ ಜೊತೆಗೆ ನುಣ್ಣನೆಯ ಮಣ್ಣೂ ಎದ್ದು ಬಂದು ಗೋಡೆ ಇನ್ನಷ್ಟು ಇಳಿಯುವ ಭಯ. ಎಂಜಿನಿಯರ್ ಫ್ರಾನ್ಸಿಸ್ ಫಾಕ್ಸ್ ಹೇಳಿದ ದಾರಿ: ನೀರು ಇದ್ದಲ್ಲೇ ಇರಲಿ, ಮುಳುಗುಗಾರನನ್ನು ಇಳಿಸೋಣ.

ಹಾಗೆ ವಿಲಿಯಂ ವಾಕರ್ 1906ರಿಂದ 1911ರವರೆಗೆ ಕೆಥೆಡ್ರಲ್‌ನ ಅಡಿಯಲ್ಲಿ, ಸುಮಾರು ಆರು ಮೀಟರ್ ಆಳದ ಕೆಸರು ನೀರಿನಲ್ಲಿ ಕೆಲಸ ಮಾಡಿದ. ಕಣ್ಣಿಗೆ ಏನೂ ಕಾಣದು, ಎಲ್ಲವೂ ಕೈಯ ಅಂದಾಜು. ಪೀಟ್ ಬಗೆದು ತೆಗೆಯುವುದು, ಕೆಳಗಿನ ಗಟ್ಟಿ ಜಲ್ಲಿಯ ಮೇಲೆ ಕಾಂಕ್ರೀಟ್ ತುಂಬಿದ ಚೀಲ ಜೋಡಿಸುವುದು, ಚೀಲ ಸೀಳಿ ಅದು ಗಟ್ಟಿಯಾಗಲು ಬಿಡುವುದು. ತಳ ಮುಚ್ಚಿದ ಮೇಲೆ ನೀರನ್ನು ನಿರ್ಭಯವಾಗಿ ಎತ್ತಬಹುದು. ಆಮೇಲೆ ಗಾರೆಯವರು ಇಳಿದು ಗೋಡೆಯ ಬುಡದವರೆಗೆ ಕಟ್ಟುತ್ತಿದ್ದರು. ಲೆಕ್ಕ ಹೀಗಿದೆ: 25,800 ಚೀಲ ಕಾಂಕ್ರೀಟ್, 1,14,900 ಕಾಂಕ್ರೀಟ್ ಇಟ್ಟಿಗೆಗಲ್ಲು, 9 ಲಕ್ಷ ಇಟ್ಟಿಗೆ. ವಾಕರ್‌ನ ನೆನಪಿಗೆಂದು ಮೊದಲು ಇಟ್ಟ ಪುಟ್ಟ ಪ್ರತಿಮೆಯಲ್ಲಿ ತಪ್ಪಿ ಫಾಕ್ಸ್‌ನ ಮುಖ ಬಂದುಬಿಟ್ಟಿತ್ತು. ಮೈತುಂಬ ಕೆಸರು ಮೆತ್ತಿಕೊಂಡವನ ಜಾಗದಲ್ಲಿ ಎಂಜಿನಿಯರ್ ನಿಂತಿದ್ದ! 2001ರಲ್ಲಿ ಸರಿಯಾದ ಪ್ರತಿಮೆ ಬಂತು.

ನೆಲಮಾಳಿಗೆಗೆ ಇಂದಿಗೂ ಮಳೆಗಾಲದಂಥ ಚಳಿಗಾಲದಲ್ಲಿ ನೀರು ನುಗ್ಗುತ್ತದೆ. ಶಿಲ್ಪಿ ಆಂಟನಿ ಗಾರ್ಮ್ಲಿಯ ಮನುಷ್ಯಾಕೃತಿ ಅಲ್ಲಿ ಮೊಣಕಾಲು ಮುಳುಗಿಸಿಕೊಂಡು ನಿಂತಿರುತ್ತದೆ. ಆಗ ಮೆಟ್ಟಿಲ ಬಳಿಯ ಕಟ್ಟೆಯಿಂದಲೇ ನೋಡಬೇಕು. ಒಳಗೆ ಓಡಾಡಬೇಕೆಂದರೆ ಬೇಸಿಗೆಯಲ್ಲಿ ಬನ್ನಿ, ನೀರಿನ ಮೇಲೆ ಆ ಆಕೃತಿಯ ನೆರಳು ಬೇಕೆಂದರೆ ಚಳಿಗಾಲದಲ್ಲಿ.

ವಿಂಚೆಸ್ಟರ್‌ನಿಂದ ಸೌತಾಂಪ್ಟನ್ ಸೆಂಟ್ರಲ್‌ಗೆ ಹೋಗಿ ಅಲ್ಲಿ ರೈಲು ಬದಲಿಸಿದರೆ ಸಾಲ್ಸ್‌ಬರಿ. ಇಲ್ಲಿ ಎಲ್ಲರೂ ರಾಜನ ಅಧಿಕಾರಕ್ಕೆ ಮಿತಿ ಹಾಕಿದ 1215ರ ಸನ್ನದು ಮ್ಯಾಗ್ನಾ ಕಾರ್ಟಾದ ಪ್ರತಿ ಇರುವ ಕೋಣೆಗೆ ನೇರ ಹೋಗುತ್ತಾರೆ. ಅಲ್ಲಿ ಸಾಲು ಉದ್ದವಿದ್ದರೆ ಮೊದಲು ಹಜಾರ ಮತ್ತು ಅಡ್ಡತೋಳು ಕೂಡುವ ನಡುಜಾಗಕ್ಕೆ ಹೋಗಿ, ನಾಲ್ಕು ಮೂಲೆಯ ದೊಡ್ಡ ಕಂಬಗಳಲ್ಲಿ ಒಂದರ ಬುಡದಲ್ಲಿ ನಿಂತು ಮೇಲೆ ನೋಡಿ. ಕಂಬ ಬಿಲ್ಲಿನಂತೆ ಬಾಗಿದೆ. ಕಣ್ಣಿನ ಭ್ರಮೆಯಲ್ಲ. 1220ರಿಂದ 1258ರೊಳಗೆ ಮುಖ್ಯ ಕಟ್ಟಡ ಮುಗಿದಾಗ ಗೋಪುರ ತಗ್ಗಾಗಿಯೇ ಇತ್ತು. ನಂತರದವರು ಅದನ್ನು ಎತ್ತರಿಸಿ ಮೊನಚು ಶಿಖರ ಇಟ್ಟರು. ಒಟ್ಟು ಎತ್ತರ 123 ಮೀಟರ್, ಬ್ರಿಟನ್ನಿನ ಚರ್ಚ್ ಶಿಖರಗಳಲ್ಲೇ ಅತಿ ಎತ್ತರ. ಹೊಸದಾಗಿ ಕಂಬಗಳ ತಲೆಗೆ ಬಿದ್ದ ಭಾರ ಸುಮಾರು 6,500 ಟನ್. ಅಡಿಪಾಯವೋ ಬರೀ 1.2 ಮೀಟರ್ ಆಳದ್ದು!

ಆದರೂ ಬೀಳಲಿಲ್ಲ ಏಕೆ? ಅಡಿಪಾಯದ ಕೆಳಗೆ ದಪ್ಪ ಜಲ್ಲಿಯ ಪದರವಿದೆ, ಅದರಲ್ಲಿ ನೀರು ಸದಾ ನಿಂತಿದೆ. ನೀರಿನ ಮಟ್ಟ ಏರುಪೇರಾಗದಿದ್ದರೆ ಜಲ್ಲಿ ಕದಲದು. ಅದಕ್ಕೇ ನೆಲದ ಒಂದು ಕಿಂಡಿಯಲ್ಲಿ ಕೋಲು ಇಳಿಸಿ ನೀರಿನ ಮಟ್ಟ ಅಳೆಯುವ ರೂಢಿ ಈಗಲೂ ಇದೆ. 1668ರಲ್ಲಿ ವಾಸ್ತುಶಿಲ್ಪಿ ಕ್ರಿಸ್ಟಫರ್ ರೆನ್ ತೂಗುಗುಂಡು ಬಿಟ್ಟು ಪರೀಕ್ಷಿಸಿದಾಗ ಶಿಖರದ ತುದಿ ಸುಮಾರು 75 ಸೆಂ.ಮೀ. ವಾಲಿತ್ತು. ನಡುಜಾಗದ ನೆಲದಲ್ಲಿ ಅದರ ಗುರುತಿದೆ, ಹುಡುಕಿ.

ಕಪ್ಪಗೆ ಹೊಳೆಯುವ ಸಣ್ಣ ಕಂಬಗಳನ್ನು ಪರ್ಬೆಕ್ ಮಾರ್ಬಲ್ ಎನ್ನುತ್ತಾರೆ. ಅಮೃತಶಿಲೆಯಲ್ಲ, ಪಾಲಿಶ್ ಹಿಡಿಯುವ ಸುಣ್ಣಕಲ್ಲು. ಹತ್ತಿರದಿಂದ ನೋಡಿದರೆ ಗುಂಡುಗುಂಡಾಗಿ ಸಿಹಿನೀರಿನ ಬಸವನಹುಳುಗಳ ಚಿಪ್ಪು ಕಾಣುತ್ತವೆ. ಗಣಿಯಲ್ಲಿ ಈ ಕಲ್ಲು ತೆಳು ಪದರವಾಗಿ ಸಿಗುವುದರಿಂದ ಉದ್ದನೆಯ ಕಂಬ ಬೇಕೆಂದರೆ ಮಲಗಿದ ಪದರವನ್ನು ನೆಟ್ಟಗೆ ನಿಲ್ಲಿಸಬೇಕು. ಪದರ ನಿಂತ ಕಲ್ಲು ಭಾರಕ್ಕೆ ಉದ್ದಕ್ಕೆ ಸೀಳುತ್ತದೆ.

ಗೋಪುರ ಹತ್ತುವುದಕ್ಕೆ 332 ಮೆಟ್ಟಿಲು, ಗೈಡ್ ಜೊತೆಗೇ ಹೋಗಬೇಕು, ಮುಂಗಡ ಬುಕಿಂಗ್ ಬೇಕು. ಸುತ್ತುಮೆಟ್ಟಿಲು ಕಿರಿದು, ಬೆನ್ನಿಗೆ ದೊಡ್ಡ ಚೀಲ ಬೇಡ. ಮೇಲೆ ಶಿಖರದೊಳಗೆ ಮಧ್ಯಯುಗದ ಮರದ ಸಾರುವೆ ಹಾಗೇ ನಿಂತಿರುವುದನ್ನು ನೋಡಲಿಕ್ಕಾದರೂ ಈ ಕಷ್ಟ ಪಡಬೇಕು. ಮೊಣಕಾಲು ಒಪ್ಪದವರಿಗೆ ಕೆಳಗೆ ಸುಮಾರು 1386ರ ಗಡಿಯಾರವಿದೆ. ಮುಖವಿಲ್ಲದ ಕಬ್ಬಿಣದ ಚೌಕಟ್ಟು, ಗಂಟೆ ಹೊಡೆಯುವುದಷ್ಟೇ ಅದರ ಕೆಲಸ.

ಸಾಲ್ಸ್‌ಬರಿಯಿಂದ ಬಾತ್‌ಗೆ ರೈಲು ಒಂದು ಗಂಟೆ. ಅಲ್ಲಿ ರೈಲು ನಿಲ್ದಾಣದ ಪಕ್ಕದ ಬಸ್ ನಿಲ್ದಾಣದಿಂದ ವೆಲ್ಸ್‌ಗೆ ಒಂದೂಕಾಲು ಗಂಟೆಯ ಮೇಲೆ. ವೆಲ್ಸ್ ಎಂದರೆ ಬುಗ್ಗೆಗಳು. ಕೆಥೆಡ್ರಲ್ ಪಕ್ಕದ ಬಿಷಪ್ ಅರಮನೆಯ ತೋಟದಲ್ಲಿ ಅವು ಇನ್ನೂ ಉಕ್ಕುತ್ತಿವೆ. ಮಧ್ಯಾಹ್ನದ ನಂತರ ತಲುಪುವಂತೆ ಹೊರಡಿ. ಸುಮಾರು 300 ಮಧ್ಯಯುಗದ ಶಿಲ್ಪಗಳುಳ್ಳ ಮುಂಭಾಗ ಪಶ್ಚಿಮಕ್ಕಿದೆ, ಬೆಳಗ್ಗೆ ಅದರ ಮೇಲೆ ನೆರಳು. ಬೈನಾಕ್ಯುಲರ್ ಇದ್ದರೆ ಒಳ್ಳೆಯದು.

ಒಳಗೆ ಹೋದೊಡನೆ ಎದುರಿಗೆ ಕತ್ತರಿ ಕಮಾನು. ಒಂದು ಚೂಪು ಕಮಾನಿನ ನೆತ್ತಿಯ ಮೇಲೆ ಇನ್ನೊಂದನ್ನು ತಲೆಕೆಳಗಾಗಿ ಕೂರಿಸಿ, ಎರಡು ಪಕ್ಕಗಳಲ್ಲಿ ದುಂಡು ಕಿಂಡಿ ಬಿಟ್ಟಿದ್ದಾರೆ. 14ನೇ ಶತಮಾನದ ಆರಂಭದಲ್ಲಿ ಗೋಪುರ ಎತ್ತರಿಸಿದ ಮೇಲೆ ಪಶ್ಚಿಮದ ಕಂಬಗಳು ನೆಲಕ್ಕಿಳಿದು ಬಿರುಕು ಬಿಟ್ಟವು. 1338ರಿಂದ 1348ರವರೆಗೆ ವಿಲಿಯಂ ಜಾಯ್ ಮೂರು ಕಡೆ ಈ ಕಮಾನು ಹಾಕಿ ಕಂಬಗಳು ಒಂದರತ್ತ ಒಂದು ಬಾಗದಂತೆ ತಡೆದ. ಇವನ್ನು ಆಧುನಿಕ ಕಾಲದ ಸೇರ್ಪಡೆ ಎಂದುಕೊಳ್ಳುವವರು ಬಹಳ. ಹಜಾರದ ನೋಟವನ್ನು ಇವು ಕೆಡಿಸಿವೆ ಎನ್ನುವವರೂ ಇದ್ದಾರೆ. ಸಾಲ್ಸ್‌ಬರಿಯ ಬಾಗಿದ ಕಂಬ ನೋಡಿ ಬಂದವರು ಹಾಗೆನ್ನಲಾರರು.

ದಕ್ಷಿಣದ ಅಡ್ಡತೋಳಿನ ಕಂಬಗಳ ತಲೆಯಲ್ಲಿ ಹಲ್ಲುನೋವಿನಿಂದ ಬಾಯಿ ಹಿಗ್ಗಿಸಿಕೊಂಡವನೂ ಹಣ್ಣು ಕದ್ದು ಏಟು ತಿನ್ನುವವನೂ ಇದ್ದಾರೆ. ಉತ್ತರದ ತೋಳಿನಲ್ಲಿ ಸುಮಾರು 1390ರ ಗಡಿಯಾರ. ಕಾಲು ಗಂಟೆಗೊಮ್ಮೆ ಕುದುರೆ ಸವಾರರು ಸುತ್ತುತ್ತಾರೆ, ಪ್ರತಿ ಸುತ್ತಿಗೂ ಅದೇ ಒಬ್ಬ ಪಾಪದವನೇ ಏಟು ತಿಂದು ಹಿಂದಕ್ಕೆ ಬೀಳುತ್ತಾನೆ.

ಮೂರೂ ಕಡೆ ನೋಡಲು ಟಿಕೆಟ್ ಇದೆ, ಸಂಜೆ ಐದೂವರೆಯ ಸುಮಾರಿನ ಹಾಡುಪ್ರಾರ್ಥನೆಗೆ ಮಾತ್ರ ದುಡ್ಡಿಲ್ಲ, ಯಾರು ಬೇಕಾದರೂ ಕೂರಬಹುದು. ಆಗ ಓಡಾಡುವುದು, ಫೋಟೊ ತೆಗೆಯುವುದು ಬೇಡ. ಭಾನುವಾರ ಬೆಳಗ್ಗೆ ಪೂಜೆಯ ಹೊತ್ತಾದ್ದರಿಂದ ಪ್ರವಾಸಕ್ಕೆ ಆ ದಿನ ಇಟ್ಟುಕೊಳ್ಳಬೇಡಿ. ವೆಲ್ಸ್‌ಗೆ 1960ರ ದಶಕದಿಂದ ರೈಲಿಲ್ಲ. ಪ್ರಾರ್ಥನೆಗೆ ಕೂರುವ ಮೊದಲು ಬಾತ್‌ಗೆ ಕೊನೆಯ ಬಸ್ ಎಷ್ಟು ಹೊತ್ತಿಗೆ ಎಂದು ನೋಡಿಕೊಂಡಿರಿ.