ಬಿಳಿಯ ಕಲ್ಲೆಲ್ಲ ಬೆಣಚಲ್ಲ

ಹೋದ ಬೇಸಿಗೆಯಲ್ಲಿ ನಮ್ಮೂರಿನ ರೈತರೊಬ್ಬರು ತಮ್ಮ ಹೊಲದ ಹಳೆಯ ಬಾವಿಯನ್ನು ಇನ್ನಷ್ಟು ಆಳಕ್ಕೆ ತೋಡಿಸುವಾಗ ಸಿಕ್ಕ ಕಲ್ಲೊಂದನ್ನು ಟವೆಲಿನಲ್ಲಿ ಸುತ್ತಿಕೊಂಡು, ಕತ್ತಲಾದ ಮೇಲೆ ನನ್ನ ಮನೆಗೆ ಬಂದರು. "ಮೇಷ್ಟ್ರೆ, ಇನ್ನೂ ಯಾರಿಗೂ ತೋರಿಸಿಲ್ಲ, ನೀವು ನೋಡಿ ಹೇಳಬೇಕು" ಎಂದು ಅದನ್ನು ದೀಪದ ಕೆಳಗೆ ಬಿಚ್ಚಿದಾಗ, ಕಲ್ಲಿನ ಮೈತುಂಬ ಹೊಂಬಣ್ಣದ ಚುಕ್ಕೆಗಳು ಮಿನುಗುತ್ತಿದ್ದವು. ಅವರು ಬಾಯಿಬಿಟ್ಟು ಕೇಳದಿದ್ದ ಪ್ರಶ್ನೆ ಅವರ ಮುಖದಲ್ಲಿತ್ತು.

ಹೊಲಿಗೆಯ ಸೂಜಿಯೊಂದನ್ನು ತಂದು ಒಂದು ಚುಕ್ಕೆಯ ಮೇಲೆ ಮೆಲ್ಲಗೆ ಒತ್ತಿದೆ. ಅದು ಚಿನ್ನವಾಗಿದ್ದರೆ ಅಲ್ಲಿ ಸಣ್ಣ ತಗ್ಗು ಬಿದ್ದು ಸೂಜಿಯ ಗುರುತು ಉಳಿಯಬೇಕಾಗಿತ್ತು. ಕಬ್ಬಿಣ ಮತ್ತು ಗಂಧಕ ಕೂಡಿ ಆದ ಪೈರೈಟ್ ಆಗಿದ್ದರೆ ಸೂಜಿ ಜಾರಬೇಕಾಗಿತ್ತು, ಇಲ್ಲವೆ ಕಣವೇ ಒಡೆದು ಕಪ್ಪು ಪುಡಿ ಉದುರಬೇಕಾಗಿತ್ತು. ಎರಡೂ ಆಗಲಿಲ್ಲ. ಈರುಳ್ಳಿಯ ಸಿಪ್ಪೆಗಿಂತ ತೆಳ್ಳಗಿನ ಹಾಳೆಯೊಂದು ಸೂಜಿಯ ಮೊನೆಗೆ ಎದ್ದು ಬಂತು. ಕಲ್ಲನ್ನು ದೀಪದ ಬೆಳಕಿನಲ್ಲಿ ತಿರುಗಿಸಿದಂತೆಲ್ಲ ಚುಕ್ಕೆಗಳು ಹೊತ್ತಿ ಆರುತ್ತಿದ್ದವು. ಚಿನ್ನವಾದರೋ ನೆರಳಿನಲ್ಲಿಯೂ ಹಳದಿಯಾಗಿಯೇ ಕಾಣುತ್ತದೆ. ಅದು ಅಭ್ರಕ, ನಮ್ಮ ಹಿರಿಯರು ಕಾಗೆಬಂಗಾರ ಎಂದು ಕರೆದದ್ದು. ಬಯೊಟೈಟ್ ಎಂಬ ಕಪ್ಪು ಅಭ್ರಕವು ನೆಲದ ನೀರಿನಲ್ಲಿ ನೆನೆದು ಶಿಥಿಲವಾದಾಗ ಇಂತಹ ಹೊಂಬಣ್ಣಕ್ಕೆ ತಿರುಗುತ್ತದೆ. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಇಂದಿಗೂ ಚಿನ್ನ ತೆಗೆಯುತ್ತಾರಾದರೂ, ಅಲ್ಲಿ ಒಂದು ಟನ್ ಕಲ್ಲಿಗೆ ದೊರೆಯುವುದು ಕೆಲವೇ ಗ್ರಾಂ, ಅದೂ ಬಹುಮಟ್ಟಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಎಂದು ಅವರಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸೂಜಿ ಚುಚ್ಚಿ ಹೇಗೆ ಕಂಡುಹಿಡಿದಿರಿ?" ಎಂದು ಕೇಳಿದರು. ಆ ಪ್ರಶ್ನೆಗೆ ಅಂದು ಅರ್ಧ ಗಂಟೆಯಲ್ಲಿ ಕೊಟ್ಟ ಉತ್ತರವನ್ನು ಇಲ್ಲಿ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಕಲ್ಲನ್ನು ಕೈಗೆತ್ತಿಕೊಂಡವರು ಮೊದಲು ನೋಡುವುದು ಬಣ್ಣವನ್ನು, ಮತ್ತು ಎಲ್ಲಕ್ಕಿಂತ ಹೆಚ್ಚು ಮೋಸ ಹೋಗುವುದೂ ಅದರಿಂದಲೇ. ಬೆಣಚುಕಲ್ಲು ಶುದ್ಧವಾಗಿದ್ದಾಗ ನೀರಿನಂತೆ ತಿಳಿ. ಒಳಗೆ ಸೂಕ್ಷ್ಮ ಗುಳ್ಳೆಗಳು ಸೇರಿದ್ದರೆ ಹಾಲಿನ ಬಿಳಿ. ಲೇಶಮಾತ್ರ ಕಬ್ಬಿಣ ಬೆರೆತು ನೈಸರ್ಗಿಕ ವಿಕಿರಣಕ್ಕೆ ಒಳಗಾದರೆ ನೇರಳೆ. ಒಂದೇ ಖನಿಜಕ್ಕೆ ಇಷ್ಟು ವೇಷಗಳಿದ್ದರೆ, ಬೇರೆ ಬೇರೆ ಖನಿಜಗಳು ಒಂದೇ ವೇಷ ತೊಡುವುದೂ ಉಂಟು. ನಮ್ಮ ಹೊಲಗದ್ದೆಗಳ ಬದುವಿನಲ್ಲಿ ಬಿದ್ದಿರುವ ಬಿಳಿಯ ಕಲ್ಲು ಬೆಣಚಾಗಿರಬಹುದು, ಫೆಲ್ಡ್‌ಸ್ಪಾರ್ ಆಗಿರಬಹುದು, ಕ್ಯಾಲ್ಸೈಟ್ ಆಗಿರಬಹುದು. ಈ ಮೂರನ್ನು ಬೇರ್ಪಡಿಸಲು ಕಲಿತವರಿಗೆ ಮುಂದಿನದೆಲ್ಲ ಸುಲಭವಾಗುತ್ತದೆ ಎಂಬುದು ನನ್ನ ಅನುಭವ.

ಮೊದಲನೆಯ ಪರೀಕ್ಷೆ ಗಡಸುತನದ್ದು. 1812ರಲ್ಲಿ ಫ್ರೆಡ್ರಿಕ್ ಮೋಸ್ ಎಂಬ ಜರ್ಮನ್ ಖನಿಜಶಾಸ್ತ್ರಜ್ಞರು ಹತ್ತು ಖನಿಜಗಳನ್ನು ಒಂದನ್ನೊಂದು ಗೀರುವ ಶಕ್ತಿಯ ಪ್ರಕಾರ ಸಾಲಾಗಿ ನಿಲ್ಲಿಸಿದರು: ಟ್ಯಾಲ್ಕ್ 1, ಜಿಪ್ಸಮ್ 2, ಕ್ಯಾಲ್ಸೈಟ್ 3, ಫ್ಲೋರೈಟ್ 4, ಅಪಟೈಟ್ 5, ಫೆಲ್ಡ್‌ಸ್ಪಾರ್ 6, ಬೆಣಚು 7, ಟೋಪಾಜ್ 8, ಕುರುಂದ 9, ವಜ್ರ 10. ಇವು ಸಾಲಿನಲ್ಲಿ ನಿಂತ ಸ್ಥಾನಗಳೇ ಹೊರತು ಅಳತೆಗಳಲ್ಲ. ಒಂಬತ್ತರ ಕುರುಂದಕ್ಕೂ ಹತ್ತರ ವಜ್ರಕ್ಕೂ ಇರುವ ಅಂತರ ಒಂದರಿಂದ ಒಂಬತ್ತರವರೆಗಿನ ಅಂತರಕ್ಕಿಂತ ದೊಡ್ಡದು. ಇವುಗಳ ನಡುವೆ ನಮ್ಮ ಮನೆಯ ಸಾಮಾನುಗಳನ್ನೂ ಕೂರಿಸಬಹುದು: ಕೈಯುಗುರು ಸುಮಾರು 2.5, ತಾಮ್ರ 3, ಚಾಕುವಿನ ಮೊನೆ ಮತ್ತು ಕಿಟಕಿಯ ಗಾಜು ಸುಮಾರು 5.5. ಹಳೆಯ ಪುಸ್ತಕಗಳು "ನಾಣ್ಯದಿಂದ ಗೀರಿ" ಎನ್ನುವುದು ತಾಮ್ರದ ನಾಣ್ಯವನ್ನು ಮನಸ್ಸಿನಲ್ಲಿಟ್ಟುಕೊಂಡು. ಈಗಿನ ಒಂದು, ಎರಡು ರೂಪಾಯಿ ನಾಣ್ಯಗಳು ಸ್ಟೇನ್‌ಲೆಸ್ ಸ್ಟೀಲಿನವಾದ್ದರಿಂದ ಆ ಕೆಲಸಕ್ಕೆ ಒದಗುವುದಿಲ್ಲ. ವಿದ್ಯುತ್ ತಂತಿಯೊಳಗಿನ ತಾಮ್ರದ ತುಂಡು ಸಾಕು.

ಇಲ್ಲಿ ನಾನು ಮಾಡಿದ ತಪ್ಪೊಂದನ್ನು ಹೇಳಬೇಕು. "ಬಿಳಿಯ ಕಲ್ಲು ಗಾಜನ್ನು ಗೀರಿದರೆ ಅದು ಬೆಣಚು" ಎಂದು ಹಲವು ವರ್ಷ ಮಕ್ಕಳಿಗೆ ಕಲಿಸಿದ್ದೆ. ಫೆಲ್ಡ್‌ಸ್ಪಾರ್ ಕೂಡ ಗಾಜನ್ನು ಗೀರುತ್ತದೆ ಎಂಬುದು, ಒಬ್ಬ ಹುಡುಗಿ ತಂದ ತುಂಡು ಗಾಜನ್ನು ಗೀರಿಯೂ ಬೆಣಚಿನಂತೆ ಒಡೆಯದಿದ್ದಾಗ ನನ್ನ ಅರಿವಿಗೆ ಬಂತು. ಇವೆರಡರ ನಡುವಿನ ವ್ಯತ್ಯಾಸ ಗೀರಿನಲ್ಲಿ ಅಷ್ಟಾಗಿ ಕಾಣದು, ಒಡೆದ ಮುಖದಲ್ಲಿ ಕಾಣುತ್ತದೆ. ಬೆಣಚಿನೊಳಗೆ ಸುಲಭವಾಗಿ ಸೀಳುವ ದಿಕ್ಕು ಯಾವುದೂ ಇಲ್ಲ. ದಪ್ಪ ಗಾಜಿನ ಬಾಟಲಿ ಒಡೆದಾಗ ಕಾಣುವಂತಹ, ಚಿಪ್ಪಿನ ಒಳಮೈಯಂತೆ ಬಾಗಿದ ಮುಖಗಳು ಅದರಲ್ಲಿ ಏಳುತ್ತವೆ. ಫೆಲ್ಡ್‌ಸ್ಪಾರ್ ಹೆಚ್ಚುಕಡಿಮೆ ಲಂಬಕೋನದಲ್ಲಿ ಕೂಡುವ ಎರಡು ದಿಕ್ಕುಗಳಲ್ಲಿ ಸೀಳುತ್ತದೆ, ಆದ್ದರಿಂದ ಅದರ ತುಂಡನ್ನು ಬಿಸಿಲಿಗೆ ಹಿಡಿದು ನಿಧಾನವಾಗಿ ತಿರುಗಿಸಿದರೆ ಒಂದು ಸಮತಟ್ಟಾದ ಮುಖ ಕನ್ನಡಿಯಂತೆ ಒಮ್ಮೆಗೇ ಫಳ್ಳೆಂದು ಹೊಳೆಯುತ್ತದೆ. ಗ್ರಾನೈಟ್ ಕಲ್ಲಿನಲ್ಲಿ ಇವೆರಡೂ ಅಕ್ಕಪಕ್ಕ ಇರುವುದರಿಂದ, ಭೂತಗನ್ನಡಿಯೊಂದಿದ್ದರೆ ಕಲ್ಲುಕಂಬದ ಮುರಿದ ತುದಿಯೂ ಪಾಠಶಾಲೆಯಾದೀತು. ಬಾಲ್ಯದಲ್ಲಿ ಕತ್ತಲ ಕೋಣೆಯಲ್ಲಿ ಎರಡು ಬೆಣಚುಕಲ್ಲುಗಳನ್ನು ಒಂದಕ್ಕೊಂದು ಉಜ್ಜಿ ಮಸುಕಾದ ಬೆಳಕು ಬರಿಸಿದವರಿಗೆ ಬೆಣಚನ್ನು ಗುರುತಿಸುವ ಇನ್ನೊಂದು ದಾರಿಯೂ ತಿಳಿದೇ ಇರುತ್ತದೆ.

ಕ್ಯಾಲ್ಸೈಟ್ ಈ ಮೂವರಲ್ಲಿ ಮೆತ್ತಗಿನದು. ಚಾಕು ಅದನ್ನು ಸಲೀಸಾಗಿ ಗೀರುತ್ತದೆ, ಉಗುರು ಗೀರಲಾರದು. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಓರೆಯಾಗಿ ನಿಂತ ಸಣ್ಣ ಪೆಟ್ಟಿಗೆಗಳಂತೆ ಮೂರು ದಿಕ್ಕುಗಳಲ್ಲಿ ಸೀಳುತ್ತದೆ. ಪುಡಿಯ ಮೇಲೆ ವಿನೆಗರ್ ಅಥವಾ ನಿಂಬೆರಸ ಹನಿಸಿದರೆ ಇಂಗಾಲದ ಡೈಆಕ್ಸೈಡ್ ಹೊರಟು ನೊರೆ ಏಳುತ್ತದೆ. ಕಪ್ಪು ಮಣ್ಣಿನ ಹೊಲಗಳಲ್ಲಿ ಸಿಗುವ ಸುಣ್ಣದ ಹರಳುಗಳೂ ಹೀಗೆಯೇ ನೊರೆಯುತ್ತವೆ. ಶಹಾಬಾದ್ ಕಲ್ಲಿನ ನೆಲದ ಮೇಲೆ ಹುಣಸೆಹುಳಿಯೋ ನಿಂಬೆರಸವೋ ಚೆಲ್ಲಿದ ಜಾಗದಲ್ಲಿ ಹೊಳಪು ಮಾಸುವುದಕ್ಕೂ ಇದೇ ಕಾರಣ: ಅದು ಕಲಬುರಗಿ ಸೀಮೆಯ ಸುಣ್ಣದ ಕಲ್ಲು. ಮಲೆನಾಡಿನ ಮನೆಗಳಲ್ಲಿ ಹುಳಿ ಪದಾರ್ಥ, ಉಪ್ಪಿನಕಾಯಿಗಳನ್ನು ಬಳಪದ ಕಲ್ಲಿನ ಮರಿಗೆಯಲ್ಲಿ ಇಡುತ್ತಿದ್ದವರಿಗೆ ಖನಿಜಶಾಸ್ತ್ರದ ಪಾಠ ಬೇಕಾಗಿರಲಿಲ್ಲ. ಆ ಕಲ್ಲಿಗೆ ಹುಳಿ ತಾಗುವುದಿಲ್ಲ ಎಂಬುದನ್ನು ಅವರು ಬಳಕೆಯಿಂದಲೇ ಅರಿತಿದ್ದರು.

ಬಳಪದ ಕಲ್ಲಿನ ಮುಖ್ಯ ಖನಿಜ ಮೋಸ್ ಸಾಲಿನ ಮೊದಲನೆಯದಾದ ಟ್ಯಾಲ್ಕ್. ಸ್ಲೇಟಿನ ಮೇಲೆ ಬರೆಯುತ್ತಿದ್ದ ಬಳಪವನ್ನು ಬೆರಳುಗಳ ನಡುವೆ ತಿಕ್ಕಿದವರಿಗೆ ಅದರ ಸಾಬೂನಿನಂತಹ ನುಣುಪು ನೆನಪಿರುತ್ತದೆ. 1117ರಲ್ಲಿ ವಿಷ್ಣುವರ್ಧನನ ಕಾಲದಲ್ಲಿ ಬೇಲೂರಿನ ಚೆನ್ನಕೇಶವ ದೇವಾಲಯವನ್ನು ಕಟ್ಟಿದ ಶಿಲ್ಪಿಗಳು ಆಭರಣದ ಒಂದೊಂದು ಮಣಿಯನ್ನೂ ಬಿಡಿಸಿ ಕೆತ್ತಲು ಸಾಧ್ಯವಾದದ್ದರಲ್ಲಿ ಅವರ ಕೈಚಳಕದ ಜೊತೆಗೆ ಟ್ಯಾಲ್ಕ್, ಕ್ಲೋರೈಟ್‌ಗಳಿಂದ ಕೂಡಿದ ಆ ಕಲ್ಲಿನ ಮೆತುತನಕ್ಕೂ ಪಾಲಿದೆ. ಇದನ್ನು ಓದಿ ಯಾರೂ ಗುಡಿಯ ಗೋಡೆಯ ಮೇಲೆ ಉಗುರಿನ ಪರೀಕ್ಷೆ ಮಾಡಬಾರದೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಲಾಲ್‌ಬಾಗಿನ ಬಂಡೆಗೂ ಇದೇ ಮಾತು. ಸುಮಾರು 300 ಕೋಟಿ ವರ್ಷ ಹಳೆಯದಾದ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿತವಾದ ಆ ನೈಸ್ ಶಿಲೆಯಲ್ಲಿ ಬೆಣಚು, ಫೆಲ್ಡ್‌ಸ್ಪಾರ್‌ಗಳ ತಿಳಿ ಪಟ್ಟೆಗಳನ್ನೂ ಕಪ್ಪು ಅಭ್ರಕದ ಗಾಢ ಪಟ್ಟೆಗಳನ್ನೂ ಬರಿಗಣ್ಣಿನಿಂದಲೇ ನೋಡಿ ತೃಪ್ತಿಪಡಬೇಕು.

ಎರಡನೆಯ ಪರೀಕ್ಷೆಗೆ ಕನ್ನಡದಲ್ಲಿ ಸೊಗಸಾದ ಹೆಸರಿದೆ: ಒರೆ. ಅಕ್ಕಸಾಲಿಗರು ಚಿನ್ನವನ್ನು ಒರೆಗೆ ಹಚ್ಚುವಂತೆ ಖನಿಜವನ್ನು ಹೊಳಪಿಲ್ಲದ ಪಿಂಗಾಣಿಯ ಮೇಲೆ ಉಜ್ಜಿ, ಉಳಿದ ಪುಡಿಯ ಗೆರೆಯನ್ನು ನೋಡಬೇಕು. ಬಚ್ಚಲುಮನೆಯ ಬಿಳಿ ಟೈಲ್ಸಿನ ಹಿಂಬದಿ ಇದಕ್ಕೆ ತಕ್ಕದ್ದು. ಸಂಡೂರಿನ ಹೆಮಟೈಟ್ ಅದಿರು ಉಕ್ಕಿನಂತೆ ಕಪ್ಪಗೆ ಹೊಳೆಯುತ್ತಿದ್ದರೂ ಅದರ ಗೆರೆ ಕೆಮ್ಮಣ್ಣಿನ ಬಣ್ಣದ್ದು. ಕುದುರೆಮುಖದ ಮ್ಯಾಗ್ನೆಟೈಟ್‌ನ ಗೆರೆ ಅಪ್ಪಟ ಕಪ್ಪು, ಮೇಲಾಗಿ ಅದು ಅಯಸ್ಕಾಂತಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಹಿತ್ತಾಳೆಯಂತೆ ಹೊಳೆಯುವ ಪೈರೈಟ್ ಹಸಿರು ಛಾಯೆಯ ಕಪ್ಪು ಗೆರೆ ಎಳೆದು ತನ್ನ ಗುಟ್ಟನ್ನು ತಾನೇ ಬಿಟ್ಟುಕೊಡುತ್ತದೆ. ಬೆಣಚು ಟೈಲ್ಸಿನಷ್ಟೇ ಅಥವಾ ಅದಕ್ಕಿಂತ ಗಡಸಾದ್ದರಿಂದ ಅದಕ್ಕೆ ಒರೆಯಿಲ್ಲ; ಅಲ್ಲಿ ಕಾಣುವ ಬಿಳಿ ಪುಡಿ ಟೈಲ್ಸಿನದೇ.

ತೂಕದ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇನೆ. ಕಲ್ಲನ್ನು ದಾರದಿಂದ ಸ್ಪ್ರಿಂಗ್ ತಕ್ಕಡಿಗೆ ತೂಗುಬಿಟ್ಟು ಒಮ್ಮೆ ಗಾಳಿಯಲ್ಲಿ, ಒಮ್ಮೆ ನೀರಿನಲ್ಲಿ ಪೂರ್ತಿ ಮುಳುಗಿಸಿ ತೂಗಿ, ಮೊದಲ ತೂಕವನ್ನು ಎರಡರ ವ್ಯತ್ಯಾಸದಿಂದ ಭಾಗಿಸಬೇಕು. ಗಾಳಿಯಲ್ಲಿ 530 ಗ್ರಾಂ, ನೀರಿನಲ್ಲಿ 330 ಗ್ರಾಂ ತೂಗುವ ಕಲ್ಲಿನ ಸಾಪೇಕ್ಷ ಸಾಂದ್ರತೆ 2.65, ಅದು ಬೆಣಚಿನದು. ಹೆಮಟೈಟ್ ಐದನ್ನು ದಾಟುತ್ತದೆ, ಗೆಲೀನಾ ಎಂಬ ಸೀಸದ ಅದಿರು ಏಳೂವರೆಯನ್ನು ಮುಟ್ಟುತ್ತದೆ.

ಇಷ್ಟೂ ಪರೀಕ್ಷೆಗಳು ಖನಿಜಕ್ಕೆ ಹೊಂದುವಂಥವು. ಶಿಲೆ ಎಂಬುದು ಖನಿಜಗಳ ಕೂಟವಾದ್ದರಿಂದ ಅಲ್ಲಿ ಕಣಗಳ ಗಾತ್ರ ಮತ್ತು ಹೊಂದಾಣಿಕೆಯನ್ನು ನೋಡಬೇಕಾಗುತ್ತದೆ. ವಿಜಯಪುರದ ಕಡೆಯ ಕಪ್ಪುಕಲ್ಲು ನೆಲದ ಮೇಲೆ ಹರಿದ ಲಾವಾ ಬೇಗನೆ ತಣಿದು ಆದ ಬಸಾಲ್ಟ್, ಅದರ ಕಣಗಳು ಕಣ್ಣಿಗೆ ಬಿಡಿಯಾಗಿ ಕಾಣುವುದಿಲ್ಲ. ಅಡುಗೆಮನೆಯ ಕಟ್ಟೆಗೆ ಹಾಸುವ "ಕಪ್ಪು ಗ್ರಾನೈಟ್" ಬಹುಪಾಲು ಗ್ರಾನೈಟೇ ಅಲ್ಲ. ನೆಲದಡಿಯಲ್ಲಿ ನಿಧಾನವಾಗಿ ತಣಿದ ಡಾಲರೈಟ್ ಅಥವಾ ಅದರ ಬಳಗದ ಕಲ್ಲು. ಕರಾವಳಿಯ ಮುರಕಲ್ಲಿನಲ್ಲಿಯಂತೂ ಮೂಲ ಖನಿಜಗಳು ಮಳೆಗೆ ಕರಗಿಹೋಗಿ ಕಬ್ಬಿಣ, ಅಲ್ಯೂಮಿನಿಯಂಗಳ ಆಕ್ಸೈಡ್‌ಗಳೇ ಉಳಿದಿರುತ್ತವೆ. 1807ರಲ್ಲಿ ಪ್ರಕಟವಾದ ತಮ್ಮ ಪ್ರವಾಸಕಥನದಲ್ಲಿ ಫ್ರಾನ್ಸಿಸ್ ಬುಕಾನನ್ ಅವರು ಲ್ಯಾಟಿನ್ನಿನ "ಇಟ್ಟಿಗೆ" ಎಂಬ ಪದದಿಂದ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟರು. ನಮ್ಮ "ಜಂಬಿಟ್ಟಿಗೆ" ಎಂಬ ಮಾತಿನಲ್ಲಿಯೂ ಇಟ್ಟಿಗೆಯೇ ಇದೆ.

ಆ ರಾತ್ರಿ ರೈತರು ಹೊರಡುವ ಮುನ್ನ ನನ್ನ ಪೆಟ್ಟಿಗೆಯಲ್ಲಿದ್ದ ನೀಲಿ ಬಣ್ಣದ, ಚಪ್ಪಟೆ ಕಡ್ಡಿಯಂತಹ ಕಲ್ಲನ್ನು ಎತ್ತಿಕೊಂಡು ಇದು ಯಾವುದೆಂದು ಕೇಳಿದರು. ಹಾಸನ ಜಿಲ್ಲೆಯ ಹೊಳೆನರಸೀಪುರದ ಕಡೆಯಿಂದ ತಂದ ಕಯನೈಟ್ ಅದು. ಚಾಕುವನ್ನು ಅವರ ಕೈಗೇ ಕೊಟ್ಟೆ. ಉದ್ದಕ್ಕೆ ಎಳೆದಾಗ ಗೀರು ಬಿತ್ತು. ಅಡ್ಡಕ್ಕೆ ಎಳೆದಾಗ ಚಾಕುವಿನ ಉಕ್ಕೇ ಸವೆದು ಕಲ್ಲಿನ ಮೇಲೆ ಬೂದು ಗೆರೆಯಾಗಿ ಅಂಟಿತು. ಅದರೊಳಗಿನ ಪರಮಾಣುಗಳ ಬಂಧ ಒಂದು ದಿಕ್ಕಿನಲ್ಲಿ ಸಡಿಲ, ಇನ್ನೊಂದು ದಿಕ್ಕಿನಲ್ಲಿ ಬಿಗಿ. ಅವರು ಮತ್ತೆ ಮತ್ತೆ ಉದ್ದಕ್ಕೂ ಅಡ್ಡಕ್ಕೂ ಎಳೆದು ನೋಡಿ, ಕಲ್ಲಿನೊಂದಿಗೆ ನಾನು ಇಟ್ಟಿದ್ದ ಚೀಟಿಯನ್ನು ದೀಪಕ್ಕೆ ಹಿಡಿದು ಓದಿದರು. ಬೇರೆಲ್ಲ ಚೀಟಿಗಳಲ್ಲಿ ಗಡಸುತನಕ್ಕೆ ಒಂದೇ ಅಂಕಿಯಿದ್ದರೆ, ಅದರಲ್ಲಿ ಎರಡು ಇದ್ದವು: ಉದ್ದಕ್ಕೆ 5, ಅಡ್ಡಕ್ಕೆ 7.