ಹತ್ತನೇ ವಚನ ಓದಿದ್ರಾ?

ಮಂಗಳವಾರ ಸಂಜೆಯಿಂದ ಚಿಕ್ಕಮ್ಮನ ಆ ಪ್ರಶ್ನೆ ನನ್ನ ಕಿವಿಯಲ್ಲೇ ಇದೆ. "ಅಯ್ಯನವರೇ, ಹತ್ತನೇ ವಚನ ಓದಿದ್ರಾ?"

ಚಿಕ್ಕಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಇಟ್ಟುಕೊಂಡಿದ್ದ ಪ್ರಾರ್ಥನೆ. ನಮ್ಮ ಸಭಾಪಾಲಕರು ಊರಲ್ಲಿರಲಿಲ್ಲ, ಅವರ ಬದಲು ಒಬ್ಬ ಯುವ ಪ್ರಸಂಗಿ ಬಂದಿದ್ದರು. ಕಂಠ ಚೆನ್ನಾಗಿದೆ, ಮನಸ್ಸೂ ಒಳ್ಳೆಯದೇ. ಆದರೆ ದುಃಖದ ಮನೆಯಲ್ಲಿ ಎಲ್ಲರೂ ಸುಮ್ಮನಾದರೆ ಅವರಿಗೆ ಕೂರಲಾಗುವುದಿಲ್ಲ. ತಕ್ಷಣ ಒಂದು ವಚನ ಬೇಕು. ಅವತ್ತು ತೆಗೆದದ್ದು ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಯೆರೆಮೀಯ ಪ್ರವಾದಿಯ ಪುಸ್ತಕದ 29ನೇ ಅಧ್ಯಾಯದ 11ನೇ ವಚನ. "ಅಹಿತದ ಯೋಚನೆಗಳಲ್ಲ, ಹಿತದ ಯೋಚನೆಗಳೇ." ಹೊಸ ವರ್ಷದ ವಾಗ್ದಾನದ ಕಾರ್ಡಿನಲ್ಲಿ, ಕ್ಯಾಲೆಂಡರಿನಲ್ಲಿ, ಮದುವೆ ಪತ್ರಿಕೆಯಲ್ಲಿ ಎಲ್ಲ ಕಡೆ ಈ ವಚನ ಇರುತ್ತದೆ. "ಅಮ್ಮಾ, ಇದನ್ನ ದೇವರು ನಿಮಗೇ ಹೇಳ್ತಿದ್ದಾನೆ. ಇನ್ನು ಅಳಬಾರದು" ಅಂದರು.

ಚಿಕ್ಕಮ್ಮ ಅಳುತ್ತಿರಲಿಲ್ಲ. ಕನ್ನಡಕ ಹಾಕಿಕೊಂಡು ಅದೇ ಪುಟ ತೆಗೆದು, ಸಾಲಿನ ಕೆಳಗೆ ಬೆರಳಿಟ್ಟು ಓದುತ್ತಿದ್ದರು. ಚಿಕ್ಕಪ್ಪನ ಸತ್ಯವೇದ ಅದು. ಅಂಚಿನ ಕೆಂಪು ಬಣ್ಣ ಹೆಬ್ಬೆರಳು ತಾಗುವ ಕಡೆ ಮಾತ್ರ ಮಾಸಿದೆ. ಮೊದಲ ಪುಟದಲ್ಲಿ ಮಕ್ಕಳು ಮೊಮ್ಮಕ್ಕಳು ಹುಟ್ಟಿದ ತಾರೀಖು, ಅದರ ಕೆಳಗೆ ತೀರಿಕೊಂಡವರದ್ದು. ಚಿಕ್ಕಮ್ಮನ ಬೆರಳು ಒಂದು ವಚನ ಹಿಂದಕ್ಕೆ ಹೋಯಿತು. ತಲೆ ಎತ್ತಿ ಆ ಪ್ರಶ್ನೆ ಕೇಳಿದರು.

"ಅಮ್ಮಾ, ಈಗ ಅದೆಲ್ಲ ಕೇಳಬೇಡಿ. ಹನ್ನೊಂದನ್ನ ಗಟ್ಟಿಯಾಗಿ ಹಿಡ್ಕೊಳ್ಳಿ."

"ಹತ್ತರಲ್ಲಿ ಎಪ್ಪತ್ತು ವರ್ಷ ಆದ ಮೇಲೆ ಅಂತಿದೆ ಅಲ್ವಾ? ಹಾಗಾದ್ರೆ ಈ ಮಾತು ಕೇಳಿಸ್ಕೊಂಡ ದೊಡ್ಡವರೆಲ್ಲ ಅಲ್ಲೇ ಸತ್ತಿರ್ತಾರೆ."

ಅಷ್ಟರಲ್ಲಿ ದೊಡ್ಡಮ್ಮ ಹಾಡು ಎತ್ತಿಕೊಂಡರು. ಅವರ ಮಟ್ಟಿಗೆ ಪ್ರಶ್ನೆ ಅಂದರೆ ಅವಿಶ್ವಾಸ. ಒಳ್ಳೆಯ ಹೆಂಗಸು, ಆ ಮನೆಗೆ ಅಷ್ಟೂ ದಿನ ಅಡುಗೆ ಮಾಡಿ ಹಾಕಿದವರು. ಆದರೆ ಅವತ್ತು ಆ ಹಾಡು ಬೇಕಿರಲಿಲ್ಲ. ಚಿಕ್ಕಮ್ಮನಿಗೆ ಉತ್ತರ ಬೇಕಿತ್ತು, ಉತ್ತರ ಅದೇ ಪುಸ್ತಕದಲ್ಲಿ ಇತ್ತು.

ಅವರು ಹೇಳಿದ್ದು ಸರಿ. ಆ ವಚನಗಳು ಸೆರೆಯಾಗಿ ಹೋದವರಿಗೆ ಯೆರೆಮೀಯ ಬರೆದ ಒಂದು ಕಾಗದದವು. ಕ್ರಿ.ಪೂ. 597ರಲ್ಲಿ ಬಾಬೆಲಿನ ದೊರೆ ನೆಬೂಕದ್ನೆಚ್ಚರ ಯೆರೂಸಲೇಮಿನಿಂದ ರಾಜನನ್ನೂ ಕಮ್ಮಾರರನ್ನೂ ಬಡಗಿಗಳನ್ನೂ ಬಾಬೆಲಿಗೆ ಸಾಗಿಸಿದ್ದ. ಯಾವಾಗ ವಾಪಸ್ ಹೋಗುತ್ತೇವೆ ಎಂದು ಅವರೆಲ್ಲ ಕಾಯುತ್ತಿದ್ದರು. ಹನನ್ಯ ಎಂಬ ಪ್ರವಾದಿ ಎರಡೇ ವರ್ಷ ಅಂದುಬಿಟ್ಟ. ಕೇಳಲು ಹಿತವಾಗಿತ್ತು, ಆದರೆ ಸುಳ್ಳು. ಯೆರೆಮೀಯ ಬರೆದು ಕಳಿಸಿದ್ದೇ ಬೇರೆ. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಅದರ ಫಲ ತಿನ್ನಿ, ಮಕ್ಕಳಿಗೆ ಮದುವೆ ಮಾಡಿ, ಆ ಪರದೇಶದ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ. ವಾಪಸ್ ಬರಲು ಎಪ್ಪತ್ತು ವರ್ಷ ಆಗುತ್ತದೆ. ಇಷ್ಟೆಲ್ಲ ಆದ ಮೇಲೆ ಬರುವ ಮಾತು ಹನ್ನೊಂದನೇ ವಚನ. ಹತ್ತನ್ನು ಬಿಟ್ಟು ಹನ್ನೊಂದನ್ನು ಮಾತ್ರ ಓದಿದರೆ ಯೆರೆಮೀಯನ ಬಾಯಲ್ಲಿ ಹನನ್ಯನ ಮಾತು ಹಾಕಿದ ಹಾಗಾಗುತ್ತದೆ. ನನಗೆ ಇದು ಸಣ್ಣ ವಿಷಯ ಅನ್ನಿಸುವುದಿಲ್ಲ.

ಪ್ರಾಟೆಸ್ಟಂಟರಾದ ನಮ್ಮ ಸತ್ಯವೇದದಲ್ಲಿ 66 ಪುಸ್ತಕಗಳಿವೆ, ಕ್ಯಾಥೊಲಿಕರದ್ದರಲ್ಲಿ 73. ಕಾನೂನು, ಹಾಡು, ವಂಶಾವಳಿ, ಕಾಗದ, ಕನಸು ಎಲ್ಲ ಇದೆ. ಬರೆದವರೂ ಒಬ್ಬರಲ್ಲ, ಕಾಲವೂ ಒಂದಲ್ಲ. ಆದರೆ ಮೊದಲಿಂದ ಕೊನೆವರೆಗೆ ಓದಿದರೆ ಒಂದೇ ಕತೆ ನಡೆಯುತ್ತಿರುತ್ತದೆ. ಮನೆಯಿಂದ ಹೊರಬಿದ್ದವರನ್ನು ದೇವರು ವಾಪಸ್ ಕರೆತರುವ ಕತೆ. ಏದೆನ್ ತೋಟದಲ್ಲಿ ಅಡಗಿಕೊಂಡ ಆದಾಮನನ್ನು ದೇವರೇ ಹುಡುಕಿಕೊಂಡು ಬಂದು "ಎಲ್ಲಿದ್ದೀ?" ಅನ್ನುತ್ತಾನೆ. ಆಮೇಲೆ ಆದಾಮ ಹವ್ವ ತೋಟದಿಂದ ಹೊರಗೆ, ಅಲ್ಲಿನ ಜೀವವೃಕ್ಷಕ್ಕೆ ಕಾವಲು. ಅಬ್ರಹಾಮನನ್ನು ಕಲ್ದೀಯರ ನಾಡಿನಿಂದ ಕರೆಯುತ್ತಾನೆ, ಅವನ ಮೂಲಕ ಭೂಮಿಯ ಎಲ್ಲ ಕುಲಗಳಿಗೆ ಆಶೀರ್ವಾದ ಅನ್ನುತ್ತಾನೆ. ಅವನ ಮಕ್ಕಳು ಐಗುಪ್ತದಲ್ಲಿ, ಅಂದರೆ ಈಜಿಪ್ಟಿನಲ್ಲಿ, ದಾಸರಾಗುತ್ತಾರೆ, ಬಿಡುಗಡೆಯಾಗುತ್ತದೆ, ದೇಶ ಸಿಗುತ್ತದೆ, ದೇವಾಲಯ ಆಗುತ್ತದೆ, ಎಲ್ಲವನ್ನೂ ಕೈಯಾರೆ ಹಾಳು ಮಾಡಿಕೊಳ್ಳುತ್ತಾರೆ. ಕೊನೆಗೆ ಸೆರೆಯಾಗಿ ಹೋಗುವುದು ಎಲ್ಲಿಗೆ? ಅಬ್ರಹಾಮ ಬಿಟ್ಟುಬಂದಿದ್ದ ಅದೇ ಕಲ್ದೀಯರ ನಾಡಿಗೆ, ಬಾಬೆಲಿಗೆ. ಇಲ್ಲಿಗೆ ಬಂದಾಗೆಲ್ಲ ನನಗೆ ಸಂಕಟ ಆಗುತ್ತದೆ. ಅಷ್ಟು ದೂರ ನಡೆದು ಮತ್ತೆ ಮೊದಲಿನ ಜಾಗ!

ಪರ್ಷಿಯದ ಕೋರೆಷ ರಾಜ ಕ್ರಿ.ಪೂ. 538ರಲ್ಲಿ ಬಿಟ್ಟ ಮೇಲೆ ಒಂದಷ್ಟು ಜನ ವಾಪಸ್ ಬಂದರು. ಹೊಸ ದೇವಾಲಯಕ್ಕೆ ಅಸ್ತಿವಾರ ಹಾಕಿದ ದಿನ ಕಿರಿಯರು ಸಂತೋಷದಿಂದ ಕೂಗಿದರು, ಹಳೆಯ ಆಲಯ ನೋಡಿದ್ದ ಮುದುಕರು ಗಟ್ಟಿಯಾಗಿ ಅತ್ತರು. ಯಾವುದು ಅಳು, ಯಾವುದು ಹರ್ಷ ಎಂದು ಗೊತ್ತಾಗುತ್ತಿರಲಿಲ್ಲ ಎಂದು ಎಜ್ರನ ಪುಸ್ತಕದ ಮೂರನೇ ಅಧ್ಯಾಯದಲ್ಲಿದೆ. ಅಲ್ಲಿ ಯಾರೂ ಆ ಮುದುಕರಿಗೆ "ಇನ್ನು ಅಳಬಾರದು" ಅನ್ನಲಿಲ್ಲ.

ಸಾವಿನ ಮನೆಯಲ್ಲಿ ಯೇಸುಸ್ವಾಮಿ ಕೂಡ ಹಾಗೆ ಹೇಳಿ ಸುಮ್ಮನಾಗಲಿಲ್ಲ. ತೀರಿಕೊಂಡ ಗೆಳೆಯ ಲಾಜರನ ಸಮಾಧಿಯ ಹತ್ತಿರ ಅವರೇ ಕಣ್ಣೀರು ಹಾಕಿದರು. ಈಗ ಅವನನ್ನು ಬದುಕಿಸಿ ಎಬ್ಬಿಸುತ್ತೇನೆ ಎಂದು ಗೊತ್ತಿದ್ದೂ ಅತ್ತರು. ಹನ್ನೊಂದನೇ ವಚನವನ್ನು ಒಂಟಿಯಾಗಿ ಹಿಡಿದರೆ ಚಿಕ್ಕಪ್ಪನ ಸಾವೂ ದೇವರ ಹಿತದ ಯೋಚನೆಯೇ ಆಗಿಬಿಡುತ್ತದೆ. ಇಡೀ ಕತೆ ಹಾಗೆ ಹೇಳುವುದಿಲ್ಲ. ಅಪೊಸ್ತಲನಾದ ಪೌಲ ಸಾವನ್ನು ಕಡೆಯ ಶತ್ರು ಎಂದು ಕರೆಯುತ್ತಾನೆ. ಗಂಡನನ್ನು ಕಳೆದುಕೊಂಡ ಹೆಂಗಸಿಗೆ ಈ ಎರಡರ ನಡುವೆ ಎಷ್ಟು ವ್ಯತ್ಯಾಸ!

ಎಮ್ಮಾಹು ಎಂಬ ಊರಿನ ದಾರಿ ನೆನಪಿದೆಯಲ್ಲ? ಯೇಸುವನ್ನು ಶಿಲುಬೆಗೆ ಹಾಕಿದ ಮೇಲೆ ಇಬ್ಬರು ಶಿಷ್ಯರು ಸೋತ ಮುಖ ಹಾಕಿಕೊಂಡು ಹೋಗುತ್ತಿದ್ದರು. ಇಸ್ರಾಯೇಲನ್ನು ಬಿಡಿಸುವವರು ಅವರೇ ಎಂದು ನಂಬಿದ್ದೆವು ಅನ್ನುತ್ತಾರೆ. ಜೊತೆಗೆ ನಡೆಯುತ್ತಿದ್ದವರು ಸತ್ತು ಎದ್ದು ಬಂದ ಅದೇ ಯೇಸು, ಇವರಿಗೆ ಗುರುತು ಸಿಕ್ಕಿಲ್ಲ. ಅವರು ಮೊದಲು ಇವರ ದುಃಖವನ್ನು ಪೂರ್ತಿ ಹೇಳಿಸಿದರು. ಆಮೇಲೆ ಗದರಿದರು ಕೂಡ. ನಂತರ ಮೋಶೆಯಿಂದ ಹಿಡಿದು ಎಲ್ಲ ಪ್ರವಾದಿಗಳ ತನಕ ವಿವರಿಸುತ್ತಾ ಹೋದರು. ಒಂದು ವಚನ ಕೊಟ್ಟು ಕಳಿಸಲಿಲ್ಲ. ಊರು ಬರುವ ತನಕ, ಹೊತ್ತು ಇಳಿಯುವ ತನಕ, ಕತೆ ಹೇಳಿದರು. ಐಗುಪ್ತದಿಂದ ಬಿಡುಗಡೆಯಾದ ರಾತ್ರಿ ಕೊಯ್ದ ಪಸ್ಕದ ಕುರಿಮರಿ, ಯೆಶಾಯ ಪ್ರವಾದಿಯ ಪುಸ್ತಕದ 53ನೇ ಅಧ್ಯಾಯದ ಬಾಧೆಪಟ್ಟ ಸೇವಕ, ಇವೆಲ್ಲ ಯಾರನ್ನು ತೋರಿಸುತ್ತಿದ್ದವು ಎಂದು ಕ್ರೈಸ್ತರಾದ ನಮಗೆ ಗೊತ್ತಿರುವುದು ಹೀಗೆ ಓದಿದ್ದರಿಂದ. ಯೋಹಾನ ತನ್ನ ಸುವಾರ್ತೆಯಲ್ಲಿ ಇನ್ನೊಂದು ಸಂಗತಿ ಬರೆದಿದ್ದಾನೆ. ಯೇಸುವಿನ ಸಮಾಧಿ ಇದ್ದದ್ದು ಒಂದು ತೋಟದಲ್ಲಿ. ಅವರ ಶಿಷ್ಯೆ ಮಗ್ದಲದ ಮರಿಯಳು ಎದ್ದು ಬಂದ ಯೇಸುವನ್ನು ತೋಟಗಾರ ಅಂದುಕೊಂಡಳು. ತೋಟದಲ್ಲಿ ಕಳೆದುಹೋಗಿದ್ದು ತೋಟದಲ್ಲೇ ಸಿಕ್ಕಿತು. ಸತ್ಯವೇದದ ಕಡೆಯ ಪುಸ್ತಕವಾದ ಪ್ರಕಟನೆಯ ಕೊನೇ ಅಧ್ಯಾಯದಲ್ಲಿ ಜೀವವೃಕ್ಷ ಮತ್ತೆ ಕಾಣುತ್ತದೆ, ಈ ಸಲ ಅದಕ್ಕೆ ಕಾವಲು ಇಲ್ಲ.

ನಿನ್ನೆ ಚಿಕ್ಕಮ್ಮನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಬಾಬೆಲಿನಲ್ಲಿ ಸತ್ತವರ ಗತಿ ಏನು ಎಂಬುದೇ ಅವರ ಚಿಂತೆ. ಇಬ್ರಿಯರಿಗೆ ಬರೆದ ಪತ್ರಿಕೆಯ ಹನ್ನೊಂದನೇ ಅಧ್ಯಾಯ ಓದಿ ಹೇಳಿದೆ. ವಾಗ್ದಾನ ಕೈಗೆ ಸಿಗದೆ, ದೂರದಿಂದ ನೋಡಿ, ನಂಬಿಕೆಯಲ್ಲೇ ಸತ್ತವರ ಪಟ್ಟಿ ಅದು. ನಮ್ಮನ್ನು ಬಿಟ್ಟು ಅವರಷ್ಟೇ ಮೊದಲು ಪೂರ್ಣರಾಗುವುದಿಲ್ಲ ಎಂದು ಕೊನೆಯಲ್ಲಿದೆ. ಬಾಬೆಲಿನಲ್ಲಿ ಮನೆ ಕಟ್ಟಿ, ತೋಟ ಮಾಡಿ, ಊರು ನೋಡದೆ ಕಣ್ಣು ಮುಚ್ಚಿದವರು, ನಮ್ಮ ಚಿಕ್ಕಪ್ಪ, ನೀವು, ನಾನು, ಎಲ್ಲರೂ ಒಟ್ಟಿಗೇ ತಲುಪಬೇಕು ಅಂದೆ.

ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಎಲ್ಲ ಸರಿ. ಆದ್ರೂ ಎಪ್ಪತ್ತು ವರ್ಷ ಜಾಸ್ತಿ ಆಯ್ತು" ಅಂದರು.

ಅದಕ್ಕೆ ನಾನು ಎದುರು ಮಾತಾಡಲಿಲ್ಲ. ದಾವೀದನ 13ನೇ ಕೀರ್ತನೆ ಶುರುವಾಗುವುದೇ "ಎಷ್ಟರವರೆಗೆ?" ಎಂದು. ಪ್ರಕಟನೆಯ ಆರನೇ ಅಧ್ಯಾಯದಲ್ಲಿ, ದೇವರ ವಾಕ್ಯಕ್ಕಾಗಿ ಕೊಲೆಯಾದವರ ಆತ್ಮಗಳು ಪರಲೋಕದ ಯಜ್ಞವೇದಿಯ ಕೆಳಗಿಂದ ಇದೇ ಪ್ರಶ್ನೆ ಕೂಗಿ ಕೇಳುತ್ತವೆ. ಅವರನ್ನು ಯಾರೂ ಸುಮ್ಮನಿರಿಸುವುದಿಲ್ಲ. ಒಬ್ಬೊಬ್ಬರಿಗೂ ಬಿಳೀ ನಿಲುವಂಗಿ ಕೊಟ್ಟು, ಇನ್ನೂ ಸ್ವಲ್ಪ ಕಾಲ ಎಂದು ಹೇಳುತ್ತಾರೆ.