ಗಾಜಿನ ಮ್ಯಾಲಿನ ಧೂಳು

ಇವತ್ತು ಮುಂಜಾನೆಯಿಂದ ದಾಲ್ ಮಿಲ್‌ನಾಗ ಬಣ್ಣ ನೋಡಿ ಕೆಟ್ಟ ಬೇಳೆ ಬ್ಯಾರೆ ಮಾಡೂ ಮಷಿನ್, ಕಲರ್ ಸಾರ್ಟರ್ ಮುಂದನ ನಿಂತಿದ್ದೆ. ಕೆಟ್ಟದ್ದು ಬೀಳೂ ರಿಜೆಕ್ಷನ್ ಚೀಲದಾಗ ಒಳ್ಳೆ ಬೇಳೆನೇ ಬೀಳ್ತಿತ್ತು. ಒಂದು ಬೊಗಸಿ ತಗದು ನೋಡಿದೆ, ಅರ್ಧಕ್ಕಿಂತ ಜಾಸ್ತಿ ಹಳದಿ ಬೇಳೆ, ಒಂದ್ ಚುಕ್ಕಿನೂ ಇಲ್ಲ. ಹೊಟ್ಟಿ ಉರೀತು. 2019ರಾಗ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕ ನಮ್ಮ ಕಲಬುರಗಿ ತೊಗರಿ ಅದು.

ಬೇಳೆ ಇಳಿಜಾರಿನ ಮ್ಯಾಲಿಂದ ಜಾರಿ ಬೀಳೂವಾಗ ಹಿಂದ ಮುಂದ ಎರಡೂ ಕಡಿಗಿ ಕ್ಯಾಮೆರಾ ನೋಡ್ತಾವ. ಸಿಪ್ಪಿ ಉಳಿದದ್ದು, ಕಪ್ಪಾದದ್ದು ಕಂಡ್ರ ಸಾಕು, ನಳಿಗಿಯಿಂದ ಗಾಳಿ ಒಂದ್ ಸಲ ಪಟ್ ಅಂತ ಹೊಡದು ಅದೊಂದನ್ನೇ ಆ ಕಡಿಗಿ ತಳ್ಳತದ. ಬೇಳೆ ಬಣ್ಣದ್ದೇ ಹರಳು ಬಂದ್ರ ಸಾದಾ ಕ್ಯಾಮೆರಾಕ್ಕ ಗೊತ್ತಾಗೂದು ಕಷ್ಟ, ಅದಕ್ಕ ಕಣ್ಣಿಗಿ ಕಾಣದ ಬೆಳಕು ನೋಡೂ ಇನ್‌ಫ್ರಾರೆಡ್ ಕ್ಯಾಮೆರಾ ಬೇಕು.

ಮಷಿನ್ ಎಷ್ಟು ಸಣ್ಣ ಕಲೆ ಹಿಡೀಬೇಕನ್ನೂ ಸೆನ್ಸಿಟಿವಿಟಿ ಇಳಿಸಬೇಕಂತ ಕೈ ಹಾಕಿದ್ದೆ. ಇಳಿಸಿದ್ರ ಕೆಟ್ಟದ್ದೂ ಒಳಗ ಹೋಗತದ. ಅಷ್ಟರಾಗ ಚೀಲ ಹೊರೂ ಕಾಕಾ, "ತಮ್ಮಾ, ಮೊದಲ ಗಾಜು ನೋಡಪಾ" ಅಂದ್ರು. ಖರೇನೇ. ಒರಸೂ ಬ್ರಶ್ ಸವದು, ಕ್ಯಾಮೆರಾ ಮುಂದಿನ ಗಾಜಿನ ಒಂದು ಮೂಲ್ಯಾಗ ಹಿಟ್ಟಿನಂಥ ಧೂಳು ಕುಂತಿತ್ತು. ಅದೇ ಕ್ಯಾಮೆರಾಕ್ಕ ಬೇಳೆ ಮ್ಯಾಲಿನ ಕಲೆ ಹಂಗ ಕಂಡಿತ್ತು. ಮೆತ್ತನ ಬಟ್ಟಿಲೆ ಒರಸಿದೆ. ಚೀಲದಾಗ ಮತ್ತ ಕಪ್ಪಾದ ಬೇಳೆ, ಸಿಪ್ಪಿ ಬೀಳಾಕ ಹತ್ತಿದ್ವು.

ಅವ್ವ ನೆನಪಾದ್ಲು. ಬ್ಯಾಳಿ ಹಸನ ಮಾಡೂ ಮೊದಲ ಕನ್ನಡಕ ಸೆರಗಿಲೆ ಒರಸಿಕೊಂಡು, ಮೊರ ಹಿಡಕೊಂಡು ಬಾಗಲ ಬೆಳಕಿಗಿ ಕೂಡ್ತಿದ್ಲು. ನಾನು ಪಕ್ಕಕ್ಕ ಕುಂತು ಹರಳು ಆರಿಸ್ತಿದ್ದೆ.

ನಾಳೆ ಹೊಸ ಬ್ರಶ್ ತರ್ಬೇಕು.